ತಿರುಗುವ ತಟ್ಟೆ, ಕದಲದ ಶ್ರುತಿ

ಎಲ್‌ಪಿ ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ಅಂದರೆ ಒಂದು ಸುತ್ತಿಗೆ ಸರಿಯಾಗಿ 1.8 ಸೆಕೆಂಡು. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ಈ ವೇಗದ ರೆಕಾರ್ಡನ್ನು ಮಾರುಕಟ್ಟೆಗೆ ತಂದಂದಿನಿಂದ ಟರ್ನ್‌ಟೇಬಲ್ ಮಾಡುವವರ ಮುಂದಿರುವ ಕೆಲಸ ಎರಡೇ. ತಟ್ಟೆ ಈ ವೇಗ ತಪ್ಪದೆ ತಿರುಗಬೇಕು. ಅದನ್ನು ತಿರುಗಿಸುವ ಮೋಟಾರಿನ ನಡುಕ ಮುಳ್ಳನ್ನು ಮುಟ್ಟಬಾರದು. ರೆಕಾರ್ಡಿನ ಗೀರು ತಲೆಗೂದಲಿಗಿಂತ ಕಿರಿದು. ಅದರ ಗೋಡೆಯ ಮೇಲಿನ ಮೆಲುದನಿಯ ಏರಿಳಿತಗಳಂತೂ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸಣ್ಣವು. ಸಂಗೀತ ಯಾವುದು, ಮೋಟಾರಿನ ಗುರುಗುಟ್ಟುವಿಕೆ ಯಾವುದು ಎಂಬ ಭೇದ ಮುಳ್ಳಿಗೆ ಗೊತ್ತಿಲ್ಲ. ಅಲುಗಿದ್ದನ್ನೆಲ್ಲ ಅದು ಓದುತ್ತದೆ.

ಕಷ್ಟವೆಂದರೆ ಈ ಎರಡು ಕೆಲಸಗಳು ಒಂದಕ್ಕೊಂದು ಎದುರು. ಮೋಟಾರು ತಟ್ಟೆಯನ್ನು ಬಿಗಿಯಾಗಿ ಹಿಡಿದರೆ ವೇಗ ನಿಲ್ಲುತ್ತದೆ, ನಡುಕ ದಾಟಿ ಬರುತ್ತದೆ. ಸಡಿಲ ಬಿಟ್ಟರೆ ನಡುಕ ಹೋಗುತ್ತದೆ, ವೇಗ ಅಲ್ಲಾಡುತ್ತದೆ. ಐಡ್ಲರ್, ಬೆಲ್ಟ್, ಡೈರೆಕ್ಟ್ ಡ್ರೈವ್ ಎಂಬ ಮೂರು ಬಗೆಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲೇ.

ಮೊದಲು ಮೆರೆದದ್ದು ಐಡ್ಲರ್. ಮೋಟಾರಿನ ದಂಡಕ್ಕೂ ತಟ್ಟೆಯ ಒಳಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು ತಿರುಗುತ್ತದೆ, ಅಷ್ಟೇ. ಇಂಗ್ಲೆಂಡಿನ ಸ್ವಿಂಡನ್ ಊರಿನ ಗ್ಯಾರಾರ್ಡ್ ಕಂಪನಿಯ 301, 1954ರಲ್ಲಿ ಬಂತು. ಬಿಬಿಸಿಯೂ ಅದನ್ನು ಬಳಸಿತು. ಸ್ವಿಟ್ಜರ್ಲೆಂಡಿನ ಥೋರೆನ್ಸ್ ಟಿಡಿ 124 ಬಂದದ್ದು 1957ರಲ್ಲಿ. ಅದರಲ್ಲಿ ಮೋಟಾರಿನಿಂದ ಚಕ್ರಕ್ಕೆ ಬೆಲ್ಟ್, ಚಕ್ರದಿಂದ ತಟ್ಟೆಗೆ ರಬ್ಬರ್. ಇವುಗಳ ಮೋಟಾರುಗಳು ದೊಡ್ಡವು, ನಿಮಿಷಕ್ಕೆ 1500 ಸುತ್ತಿನ ಹತ್ತಿರ ಓಡುವಂಥವು. ಮೃದಂಗದ ತೊಪ್ಪಿಯ ಪೆಟ್ಟು, ತಬಲಾದ ಎಡಗೈ ನಾದ ಇವುಗಳ ಮೇಲೆ ಬಂದಷ್ಟು ದಿಟ್ಟವಾಗಿ ಬೇರೆ ಕಡೆ ಬರುವುದು ಅಪರೂಪ. ಆದರೆ ಅದೇ ಮೋಟಾರಿನ ಗುರುಗುಟ್ಟುವಿಕೆ ರಬ್ಬರಿನ ಮೂಲಕ ತಟ್ಟೆಗೆ ಇಳಿಯುತ್ತದೆ. ಅದನ್ನು ಅಡಗಿಸಲು ಭಾರವಾದ ಮರದ ಪೀಠ ಬೇಕು, ಬೇರಿಂಗಿಗೆ ಹೊತ್ತುಹೊತ್ತಿಗೆ ಎಣ್ಣೆಯೋ ಗ್ರೀಸೋ ಬೇಕು. ಯಂತ್ರ ನಿಲ್ಲಿಸುವಾಗ ಚಕ್ರವನ್ನು ತಟ್ಟೆಯಿಂದ ಬಿಡಿಸದೆ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ರಬ್ಬರ್ ಒಂದೆಡೆ ಚಪ್ಪಟೆಯಾಗಿ, ಆಮೇಲೆ ಪ್ರತಿ ಸುತ್ತಿಗೂ ‘ದಪ್’ ಎನ್ನುತ್ತದೆ. ಇಂದು ಗ್ಯಾರಾರ್ಡ್ ಹೆಸರು ಪುಣೆಯ ಉದ್ಯಮಿ ಅಜಯ್ ಶಿರ್ಕೆಯವರ ಕೇಡೆನ್ಸ್ ಸಮೂಹದ್ದು. 2016ರಲ್ಲಿ ಟರ್ನ್‌ಟೇಬಲ್ ತಯಾರಿಸುವ ಎಸ್‌ಎಂಇ ಕಂಪನಿಯನ್ನು ಕೊಂಡ ಆ ಸಮೂಹ 2018ರಲ್ಲಿ ಗ್ಯಾರಾರ್ಡನ್ನೂ ತೆಗೆದುಕೊಂಡು 301ಕ್ಕೆ ಮರುಜೀವ ಕೊಟ್ಟಿದೆ.

ಬೆಲ್ಟ್ ಹಳೆಯ ಉಪಾಯವೇ ಆದರೂ ಅದನ್ನು ಮನೆಯ ಯಂತ್ರವಾಗಿ ನಿಲ್ಲಿಸಿದವರು ಎಡ್ಗರ್ ವಿಲ್ಚರ್. ಅವರ ಅಕೌಸ್ಟಿಕ್ ರಿಸರ್ಚ್ ಕಂಪನಿ 1961ರಲ್ಲಿ ತಂದ ಎಕ್ಸ್‌ಎ ಟರ್ನ್‌ಟೇಬಲ್‌ನಲ್ಲಿ ಮೋಟಾರು ಚಿಕ್ಕದು, ಅದು ಪೀಠಕ್ಕೆ ಅಂಟಿದೆ. ತಟ್ಟೆ ಮತ್ತು ಮುಳ್ಳು ಹೊತ್ತ ತೋಳು ಮಾತ್ರ ಬೇರೆಯೇ ಒಂದು ಚೌಕಟ್ಟಿನ ಮೇಲೆ, ಮೂರು ಸ್ಪ್ರಿಂಗುಗಳಲ್ಲಿ ತೂಗುತ್ತವೆ. ಎರಡರ ನಡುವಿನ ನಂಟು ಒಂದು ತೆಳು ರಬ್ಬರ್ ಪಟ್ಟಿ. ರೆಕಾರ್ಡ್ ಓಡುತ್ತಿರುವಾಗಲೇ ಪೀಠಕ್ಕೆ ಸುತ್ತಿಗೆಯಿಂದ ಹೊಡೆದರೂ ಮುಳ್ಳು ಜಿಗಿಯುತ್ತಿರಲಿಲ್ಲ. 1965ರ ಥೋರೆನ್ಸ್ ಟಿಡಿ 150, ಎಪ್ಪತ್ತರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ ಇಂದಿಗೂ ತಯಾರಾಗುತ್ತಿರುವ ಲಿನ್ ಎಲ್‌ಪಿ12, ಎರಡೂ ಇದೇ ವಂಶದವು. ಇದೇ ಬೆಲ್ಟಿನ ಬಳಗದಲ್ಲಿ ಇಂಗ್ಲೆಂಡಿನ ರೇಗ ಕಂಪನಿಯ ರಾಯ್ ಗ್ಯಾಂಡಿ ಹಿಡಿದದ್ದು ಎದುರು ದಾರಿ: ಸ್ಪ್ರಿಂಗೂ ಬೇಡ, ಭಾರವೂ ಬೇಡ, ಪೀಠ ಹಗುರವಾಗಿ ಗಡುಸಾಗಿದ್ದರೆ ನಡುಕ ಅದರಲ್ಲಿ ಕೂಡಿಕೊಳ್ಳದೆ ಬೇಗ ಹೊರಟುಹೋಗುತ್ತದೆ ಎಂಬುದು ಅವರ ವಾದ. ರೇಗ ಪ್ಲೇನಾರ್ 3ರ ಗಾಜಿನ ತಟ್ಟೆ ಕೇಳುಗರ ಲೋಕದಲ್ಲಿ ದೊಡ್ಡ ಹೆಸರು ಮಾಡಿತು.

ಎರಡು ದಾರಿಗಳೂ ನಡೆಯುತ್ತವೆ. ಯಾವುದು ಹೊಂದುತ್ತದೆ ಎಂಬುದನ್ನು ಮನೆಯ ನೆಲ ಹೇಳುತ್ತದೆ. ಮಲೆನಾಡಿನ ಮರದ ಮಹಡಿಯ ಮನೆಯಲ್ಲಿ ಯಾರಾದರೂ ನಡೆದರೆ ಸ್ಪ್ರಿಂಗಿನ ಟರ್ನ್‌ಟೇಬಲ್ ತಾನೂ ತೂಗಾಡತೊಡಗುತ್ತದೆ. ಅಲ್ಲಿ ಹಗುರ ಯಂತ್ರವನ್ನು ಗೋಡೆಗೆ ಹೊಡೆದ ಹಲಗೆಯ ಮೇಲಿಡುವುದು ಒಳ್ಳೆಯದು. ಕಾಂಕ್ರೀಟಿನ ಗಟ್ಟಿ ನೆಲದ ಮೇಲೆ ಎರಡೂ ಸುಖವಾಗಿರುತ್ತವೆ. ಬೆಲ್ಟಿನ ಮುಪ್ಪು ಮಾತ್ರ ಎಲ್ಲರಿಗೂ ಒಂದೇ. ರಬ್ಬರ್ ಹಿಗ್ಗುತ್ತದೆ, ಜಾರುತ್ತದೆ, ವೇಗ ಇಳಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಇಲ್ಲಿ ನಮ್ಮ ಊರಿನ ಕೇಳುಗರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಹಳೆಯ ಐಡ್ಲರ್ ಮತ್ತು ಬೆಲ್ಟ್ ಯಂತ್ರಗಳ ಮೋಟಾರು ತನ್ನ ವೇಗವನ್ನು ಪಡೆಯುವುದು ವಿದ್ಯುತ್ತಿನ ಆವರ್ತನದಿಂದ. ಅಮೆರಿಕದಲ್ಲಿ ಅದು 60 ಹರ್ಟ್ಸ್, ಭಾರತದಲ್ಲಿ 50. ಅಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ತಂದುಕೊಟ್ಟ ಹಳೆಯ ಟರ್ನ್‌ಟೇಬಲ್ ಇಲ್ಲಿ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಿದರೆ ವೋಲ್ಟೇಜ್ ಸರಿಹೋದೀತು, ಆವರ್ತನ ಸರಿಹೋಗುವುದಿಲ್ಲ. 33⅓ ಸುತ್ತು 28ಕ್ಕೂ ಕೆಳಗಿಳಿಯುತ್ತದೆ. ಹಾಡುಗಾರನ ಷಡ್ಜ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಕುಸಿಯುತ್ತದೆ. 50 ಹರ್ಟ್ಸ್‌ಗೆ ತಕ್ಕ ರಾಟೆಯನ್ನು ಮೋಟಾರಿಗೆ ಹಾಕಿಸಿದರೆ ತೊಂದರೆ ತೀರುತ್ತದೆ. ಡಿಸಿ ಮೋಟಾರಿನ ಬೆಲ್ಟ್ ಯಂತ್ರಗಳಿಗೆ ಈ ಬಾಧೆಯಿಲ್ಲ.

ಡೈರೆಕ್ಟ್ ಡ್ರೈವಿಗೂ ಇಲ್ಲ. ಜಪಾನಿನ ಮತ್ಸುಶಿತಾ ಕಂಪನಿಯಲ್ಲಿ ಶೂಯಿಚಿ ಒಬಾತಾ ಎಂಬ ಎಂಜಿನಿಯರ್ ಚಕ್ರವನ್ನೂ ಪಟ್ಟಿಯನ್ನೂ ತೆಗೆದುಹಾಕಿ, ಮೋಟಾರಿನ ದಂಡವನ್ನೇ ತಟ್ಟೆಯ ಅಚ್ಚು ಮಾಡಿದರು. 1970ರ ಟೆಕ್ನಿಕ್ಸ್ ಎಸ್‌ಪಿ-10 ಹೀಗೆ ಬಂತು. ಮೋಟಾರೇ ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ ಅದರ ನಡುಕ ಕಿವಿಗೆ ಕೇಳದಷ್ಟು ಕೆಳಗಿನ ಆವರ್ತನಕ್ಕೆ ಇಳಿಯುತ್ತದೆ. ಮುಂದೆ ಕ್ವಾರ್ಟ್ಜ್ ಹರಳಿನ ಕಾವಲು ಸೇರಿ ವೇಗ ಕೈಗಡಿಯಾರದಷ್ಟು ನಿಖರವಾಯಿತು. 1972ರಲ್ಲಿ ಎಸ್‌ಎಲ್-1200, 1979ರಲ್ಲಿ ಅದರ ಎಂಕೆ2 ರೂಪ. ಕೈಯಿಂದ ತಡೆದು ಬಿಟ್ಟರೂ ತಕ್ಷಣ ವೇಗಕ್ಕೆ ಬರುವ ಈ ಯಂತ್ರವನ್ನು ಡಿಜೆಗಳು ತಮ್ಮದಾಗಿಸಿಕೊಂಡರು. ಹೀಗಾಗಿ ಮನೆಯ ಕೇಳುಗರಲ್ಲಿ ಹಲವರು ಇದು ತಮ್ಮದಲ್ಲ ಎಂದು ದೂರವಿಟ್ಟರು. ಇನ್ನೊಂದು ಆಕ್ಷೇಪವೂ ಇತ್ತು: ಮೋಟಾರಿನ ಅಯಸ್ಕಾಂತದ ಧ್ರುವಗಳನ್ನು ದಾಟುವಾಗ ತಟ್ಟೆ ಸೂಕ್ಷ್ಮವಾಗಿ ಜಗ್ಗುತ್ತದೆ ಎಂದು. 2010ರಲ್ಲಿ ನಿಂತುಹೋಗಿದ್ದ ಎಸ್‌ಎಲ್-1200, 2016ರಲ್ಲಿ ಕಬ್ಬಿಣದ ತಿರುಳಿಲ್ಲದ ಹೊಸ ಮೋಟಾರಿನೊಂದಿಗೆ ಮರಳಿತು. ಆ ಆಕ್ಷೇಪಕ್ಕೆ ಅದು ನೇರ ಉತ್ತರ.

ಮೂರರಲ್ಲಿ ಯಾವುದು? ಪಾಶ್ಚಾತ್ಯ ವಿಮರ್ಶಕರು ಈ ಪ್ರಶ್ನೆಗೆ ಪಿಯಾನೊ ಕೇಳಿಸಿ ಉತ್ತರ ಹುಡುಕುತ್ತಾರೆ. ನಮ್ಮಲ್ಲಿ ಅದಕ್ಕಿಂತ ಕಠಿಣ ಪರೀಕ್ಷಕ ಇದೆ, ತಂಬೂರಿ. ಭೀಮಸೇನ ಜೋಶಿಯವರ ಎಲ್‌ಪಿ ಹಾಕಿ, ಆಲಾಪದ ಮೊದಲ ನಿಮಿಷದಲ್ಲಿ ದನಿಯನ್ನು ಬಿಟ್ಟು ಹಿಂದಿನ ತಂಬೂರಿಗೆ ಕಿವಿ ಕೊಡಿ. ವೇಗ ಒಂದಿಷ್ಟು ತೇಲಿದರೂ ಷಡ್ಜ ಅಲೆಯಾಡುತ್ತದೆ. ಡ್ರಮ್ಸ್, ಗಿಟಾರ್‌ಗಳ ಸಂತೆಯಲ್ಲಿ ಮುಚ್ಚಿಹೋಗುವ ದೋಷ ಇಲ್ಲಿ ಮುಚ್ಚಿಹೋಗುವುದಿಲ್ಲ. ವೀಣೆಯ ಗಮಕದಲ್ಲಿ ಇದು ಇನ್ನೂ ಸೂಕ್ಷ್ಮ. ವಿದ್ವಾಂಸರು ತಂತಿಯನ್ನು ಎಷ್ಟು ಎಳೆದರು ಎಂಬುದೇ ರಾಗದ ಜೀವವಾಗಿರುವಾಗ ಯಂತ್ರ ಅದಕ್ಕೆ ತನ್ನದೊಂದು ಎಳೆತ ಸೇರಿಸಬಾರದು. ಈ ಕಾರಣಕ್ಕೇ ನಮ್ಮ ಸಂಗೀತವನ್ನು ಹೆಚ್ಚಾಗಿ ಕೇಳುವ ಮನೆಗೆ ಡೈರೆಕ್ಟ್ ಡ್ರೈವ್ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಚೆನ್ನಾಗಿ ಮಾಡಿದ ಬೆಲ್ಟ್ ಯಂತ್ರ ಅದರ ಹತ್ತಿರ ಬರುತ್ತದೆ. ಅಗ್ಗದ ಬೆಲ್ಟ್ ಯಂತ್ರ ಬರುವುದಿಲ್ಲ. ಒಂದು ಎಚ್ಚರಿಕೆ: ರೆಕಾರ್ಡಿನ ರಂಧ್ರವೇ ನಟ್ಟನಡುವೆ ಇಲ್ಲದಿದ್ದರೆ 1.8 ಸೆಕೆಂಡಿಗೊಮ್ಮೆ ಶ್ರುತಿ ಅಲೆಯುತ್ತದೆ, ಅದನ್ನು ಯಾವ ಡ್ರೈವೂ ತಿದ್ದಲಾರದು. ಎಂಬತ್ತರ ದಶಕದ ಆರಂಭದಲ್ಲಿ ಜಪಾನಿನ ನಾಕಮಿಚಿ ಕಂಪನಿ ರೆಕಾರ್ಡನ್ನು ತಾನೇ ಸರಿಸಿ ನಡುವಿಗೆ ತರುವ ಟರ್ನ್‌ಟೇಬಲ್ ಮಾಡಿತ್ತು. ಅದರ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ.

ಅಜ್ಜ ಅಜ್ಜಿಯರ ಕಾಲದ 78ರ ಪ್ಲೇಟುಗಳು ಮನೆಯಲ್ಲಿದ್ದರೆ ಲೆಕ್ಕ ಬೇರೆ. ನಾಟಕ ಕಂಪನಿಗಳ ರಂಗಗೀತೆಗಳು ಬಂದದ್ದು ಆ ವೇಗದಲ್ಲೇ. ಮೈಸೂರಿನ ಜಯಚಾಮರಾಜ ಒಡೆಯರ್ ಅವರ ನೆರವಿನಿಂದ ರಷ್ಯಾದ ಸಂಗೀತಕಾರ ಮೆಟ್ನರ್ ತಾವೇ ಪಿಯಾನೊ ನುಡಿಸಿದ ಎಚ್‌ಎಂವಿ ರೆಕಾರ್ಡುಗಳೂ 78ರವೇ. ಆದರೆ ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ 78ರಲ್ಲಿ ಮುದ್ರಣಗೊಂಡವಲ್ಲ, ಕೆಲವು ಹಿಂದುಮುಂದಾಗಿವೆ. ಆದ್ದರಿಂದ ವೇಗವನ್ನು ನಯವಾಗಿ ಏರಿಸಿ ಇಳಿಸಬಹುದಾದ ಯಂತ್ರ ಬೇಕು. ಸ್ವಿಟ್ಜರ್ಲೆಂಡಿನ ಲೆಂಕೊ ಎಲ್75 ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರ ಐಡ್ಲರ್ ಚಕ್ರ ನೆಟ್ಟಗೆ ನಿಂತು, ಮೊನಚಾಗುತ್ತ ಹೋಗುವ ದಂಡದ ಮೇಲೆ ಅತ್ತಿತ್ತ ಜಾರುತ್ತದೆ. ಹೊಸತರಲ್ಲಿ, 2016ರ ನಂತರದ ಟೆಕ್ನಿಕ್ಸ್‌ನ ಹಲವು ಮಾದರಿಗಳಿಗೆ 78 ಇದೆ. 78ಕ್ಕೆ ಅಗಲವಾದ ಬೇರೆ ಮುಳ್ಳು ಬೇಕೆಂಬುದನ್ನು ಮರೆಯಬಾರದು.

ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರುಗಳನ್ನು ಮಾತ್ರ ಕೊಳ್ಳಬೇಡಿ. ಅವುಗಳ ತಟ್ಟೆ ಹಗುರ ಪ್ಲಾಸ್ಟಿಕ್ಕಿನದು, ತೋಳಿನ ಭಾರ ಹೊಂದಿಸಲು ಬರುವುದಿಲ್ಲ. ಒಳ್ಳೆಯ ಯಂತ್ರದಲ್ಲಿ ಮುಳ್ಳು ಸುಮಾರು 2 ಗ್ರಾಂ ಒತ್ತಿದರೆ ಸಾಕು. ಇಲ್ಲಿ ಅದರ ಎರಡು ಪಟ್ಟಿಗೂ ಮೀರಿ ಒತ್ತಿ ರೆಕಾರ್ಡನ್ನು ಬೇಗ ಸವೆಸುತ್ತದೆ. ಅಷ್ಟೇ ಹಣಕ್ಕೆ ಹಳೆಯದೊಂದು ಒಳ್ಳೆಯ ಯಂತ್ರ ಸಿಕ್ಕರೆ ಅದನ್ನೇ ತನ್ನಿ, ತಿಳಿದವರಿಂದ ಎಣ್ಣೆ ಹಾಕಿಸಿ, ಬೆಲ್ಟ್ ಬದಲಿಸಿ. ಅಟ್ಟದಿಂದ ಇಳಿಸಿದ ಪ್ಲೇಯರ್ ಆಗಿದ್ದರೆ ಹೊಸ ಮುಳ್ಳು ಹಾಕುವ ತನಕ ಮನೆಯ ಒಂದು ರೆಕಾರ್ಡನ್ನೂ ಅದರ ಮೇಲೆ ಇಡಬೇಡಿ.