ಕೈ ತೊಳೆಯಿರಿ, ಮಗುವನ್ನು ಎತ್ತಿಕೊಳ್ಳಿರಿ



ಗುಣವಾಗದ ಕಾಯಿಲೆಯ ಮಕ್ಕಳನ್ನು ನೋವು ಕಾಡದಂತೆ ನೋಡಿಕೊಳ್ಳುವುದೇ ಉಪಶಾಮಕ ಆರೈಕೆ. ಇಂಥ ಅನೇಕ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆ. ನಮಗೆ ಎರಡು ದಿನದ ನೆಗಡಿ, ಆದರೆ ಮಗುವಿಗೆ ಅದೇ ಜ್ವರ, ಉಬ್ಬಸ ತರಬಹುದು; ಮನೆಯವರೊಡನೆ ನಗುತ್ತ ಕಳೆಯುವ ದಿನಗಳನ್ನು ಕಸಿದುಕೊಳ್ಳಬಹುದು.

ಹಾಗೆಂದು ಮಗುವನ್ನು ಮುಟ್ಟಬಾರದೆಂದಲ್ಲ. ತಾಯಿಯ ಮಡಿಲೂ ಔಷಧಿಯೇ. ಕೈ ಮಾತ್ರ ಶುಚಿಯಾಗಿರಲಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಡಾ. ಸೆಮೆಲ್‌ವೈಸ್ ಅವರು ವೈದ್ಯರಿಂದ ಕೈ ತೊಳೆಸಿದ ಮೇಲೆ ಬಾಣಂತಿಯರ ಸಾವು ಬಹಳ ಇಳಿಯಿತು.

ನೀವು ಪಾಲಿಸಬೇಕಾದುದು:

1. ಲಿಂಗಪೂಜೆಗೆ ಕೂರುವ ಮುನ್ನ ಶುಚಿಯಾಗುವಂತೆ, ಮಗುವನ್ನು ಮುಟ್ಟುವ ಮುನ್ನ, ಉಣಿಸುವ ಮುನ್ನ, ಮಲಮೂತ್ರದ ಬಟ್ಟೆ ಬದಲಿಸಿದ ಮೇಲೆ ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆಯಿರಿ. ಉಂಗುರ ತೆಗೆದಿಡಿ, ಬಳೆ ಮೇಲಕ್ಕೆ ಸರಿಸಿ.

2. ಕೆಮ್ಮು, ವಾಂತಿಭೇದಿ, ಮೈಮೇಲೆ ಗುಳ್ಳೆ ಇರುವ ನೆಂಟರು ವಾಸಿಯಾದ ಮೇಲೆ ಬರಲಿ. ತಾಯಿಗೇ ನೆಗಡಿಯಾದರೆ ಸಿಸ್ಟರ್‌ಗೆ ತಿಳಿಸಿ, ಮಾಸ್ಕ್ ಧರಿಸಿ.

3. ವಿಭೂತಿಯನ್ನು ಹಣೆಗೆ ಹಚ್ಚಿ. ಗಾಯಕ್ಕೆ, ನಳಿಕೆ ಹಾಕಿದ ಜಾಗಕ್ಕೆ ಬೇಡ. ಮೂಗಿನ ನಳಿಕೆಯಿಂದ ಆಹಾರ ಪಡೆಯುವ ಮಗುವಿನ ಬಾಯಿಗೆ ಕೇಳದೆ ತೀರ್ಥ, ಪ್ರಸಾದ ಹಾಕಬೇಡಿ.

4. ಗಾಯದ ಹತ್ತಿ, ಬ್ಯಾಂಡೇಜು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ ಸೇರಬೇಕು. ಬಳಸಿದ ಸೂಜಿ ಕಂಡರೆ ಮುಟ್ಟದೆ ಸಿಸ್ಟರ್‌ರನ್ನು ಕರೆಯಿರಿ.

ವೈದ್ಯರಾಗಲಿ, ಸಿಸ್ಟರ್ ಆಗಲಿ ಕೈ ತೊಳೆಯದೆ ಮಗುವಿನ ಬಳಿ ಬಂದರೆ “ಕೈ ತೊಳೆದಿರಾ?” ಎಂದು ಕೇಳಿರಿ. ಸಂಕೋಚ ಬೇಡ. ಹಾಗೆ ಕೇಳುವುದು ನಿಮ್ಮ ಹಕ್ಕು, ಮಗುವಿನ ಸೇವೆಯೂ ಹೌದು.