ಒಬ್ಬನೇ ರಾವಣ, ಇಬ್ಬರು ನಟರು

ರಾಯಚೂರು ಕಡೆಯ ಬಳಗಾನೂರಿನ ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತ ಕೂತವರ ನಡುವೆ ರಾಜಕುಮಾರ್ ದೊಡ್ಡ ನಟರೋ ಅಲ್ಲವೋ ಎಂಬ ಚರ್ಚೆ ನಡೆಯುವುದಿಲ್ಲ. ಅದು ಎಂದೋ ಇತ್ಯರ್ಥವಾದ ವ್ಯಾಜ್ಯ. ಆದರೆ ರಾವಣನ ಪಾತ್ರದಲ್ಲಿ ರಾಜಕುಮಾರ್ ಹೆಚ್ಚೋ ತೆಲುಗಿನ ಎನ್‌ಟಿಆರ್ ಹೆಚ್ಚೋ ಎಂದು ಯಾರಾದರೂ ಬಾಯಿ ತೆರೆದರೆ ಚಹಾ ಆರುತ್ತದೆ, ಇನ್ನೊಂದು ಸುತ್ತು ಹೇಳಬೇಕಾಗುತ್ತದೆ. ಮಂಡ್ಯ, ಮೈಸೂರಿನ ಅಭಿಮಾನಿಗಳಿಗೆ ಈ ಪ್ರಶ್ನೆ ಹೊಳೆಯುವುದೇ ಅಪರೂಪ. ಸಿಂಧನೂರು, ಮಸ್ಕಿ ಸೀಮೆಯಲ್ಲಿ ಮಾತ್ರ ಅದು ತಾನಾಗಿ ಹುಟ್ಟುತ್ತದೆ. ಕಾರಣ ಸಿನಿಮಾ ಅಲ್ಲ, ಕಾಲುವೆ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಯ ನೀರು ಈ ಕಡೆ ಹರಿದ ಮೇಲೆ ಆಂಧ್ರದಿಂದ ರೈತ ಕುಟುಂಬಗಳು ಬಂದವು, ಜೋಳ ಬೆಳೆಯುತ್ತಿದ್ದ ಎರೆ ಭೂಮಿ ಕೊಂಡು, ಮಟ್ಟ ಮಾಡಿ, ಭತ್ತ ನಾಟಿ ಮಾಡಿದವು. ಅವರು ನೆಲೆಸಿದ ಜಾಗಗಳಿಗೆ ಇವತ್ತಿಗೂ ‘ಕ್ಯಾಂಪ್’ ಎಂದೇ ಹೆಸರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಟೂರಿಂಗ್ ಟಾಕೀಸಿನ ಕಾಲಕ್ಕೂ, ಆಮೇಲೆ ಗಣೇಶನ ಹಬ್ಬಕ್ಕೆ ಟಿ.ವಿ., ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ಹಾಕುತ್ತಿದ್ದ ಕಾಲಕ್ಕೂ ಇದೇ ಸ್ಥಿತಿ. ಒಂದು ಕನ್ನಡ, ಒಂದು ತೆಲುಗು. ಹೀಗೆ ಎರಡನ್ನೂ ನೋಡಿ ಬೆಳೆದವರ ಕೈಯಲ್ಲಿ ಬೇರೆ ಊರಿನ ಅಭಿಮಾನಿಗೆ ಸಿಗದ ಒಂದು ಅಳತೆಗೋಲಿದೆ: ಒಂದೇ ಪಾತ್ರ, ಇಬ್ಬರು ನಟರು.

ಮೊದಲ ಸಾಕ್ಷಿ ‘ಭೂಕೈಲಾಸ’. 1958ರಲ್ಲಿ ಎವಿಎಂ ಸಂಸ್ಥೆ ಇದನ್ನು ಕನ್ನಡ, ತೆಲುಗು ಎರಡರಲ್ಲೂ ತಂದಿತು. ನಿರ್ದೇಶಕ ಕೆ. ಶಂಕರ್. ತೆಲುಗಿನಲ್ಲಿ ಎನ್‌ಟಿಆರ್ ರಾವಣ, ಅಕ್ಕಿನೇನಿ ನಾಗೇಶ್ವರರಾವ್ ನಾರದ. ಕನ್ನಡದಲ್ಲಿ ರಾಜಕುಮಾರ್ ರಾವಣ, ಕಲ್ಯಾಣಕುಮಾರ್ ನಾರದ. ಮಂಡೋದರಿ ಎರಡರಲ್ಲೂ ಜಮುನಾ. ಆ ಹೊತ್ತಿಗೆ ಎನ್‌ಟಿಆರ್ ‘ಮಾಯಾಬಜಾರ್’ ಮುಗಿಸಿ ತೆಲುಗರ ಮನೆಮನೆಯ ಕೃಷ್ಣನಾಗಿದ್ದರು. ರಾಜಕುಮಾರ್ ‘ಬೇಡರ ಕಣ್ಣಪ್ಪ’ದಿಂದ ನಾಯಕರಾಗಿ ನಾಲ್ಕೇ ವರ್ಷ. ಕ್ಯಾಂಪಿನವರ ವಾದ ಸರಳ: ರಾವಣ ಎಂದರೆ ಮೊದಲು ನಿಲುವು. ಎನ್‌ಟಿಆರ್ ಬಂದು ನಿಂತರೆ ಸಾಕು, ಲಂಕೆ ಕಾಣುತ್ತದೆ. ಮೊದಲಿನಿಂದ ಇಲ್ಲೇ ಇದ್ದ ಊರಿನವರ ವಾದ ಸ್ವಲ್ಪ ಸುತ್ತಿ ಬರುತ್ತದೆ. ಈ ಕತೆಯ ರಾವಣ ಸೀತೆಯನ್ನು ಕದ್ದವನಲ್ಲ, ಆತ್ಮಲಿಂಗಕ್ಕಾಗಿ ತಪಸ್ಸು ಮಾಡಿದವನು, ಗೋಕರ್ಣದಲ್ಲಿ ಮೋಸಹೋದವನು. ನೆಲಕ್ಕೆ ಕಚ್ಚಿದ ಲಿಂಗವನ್ನು ಕೀಳಲು ಹೋಗಿ ಸೋತವನು. ಅಂಥವನು ಎದೆಯುಬ್ಬಿಸಿ ನಿಂತರಷ್ಟೇ ಆದೀತೇ, ಕುಸಿಯಬೇಕಲ್ಲ?

‘ಬೇಡರ ಕಣ್ಣಪ್ಪ’ದ ವಿಷಯ ಬಂದಾಗ ಕ್ಯಾಂಪಿನ ಹಿರಿಯರು ಒಂದು ಮಾತು ಸೇರಿಸುವುದುಂಟು. ಅದೇ 1954ರಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿನಲ್ಲೂ ಅದು ಬಂತು, ನಾಯಕ ರಾಜಕುಮಾರರೇ. ನಿಮ್ಮ ನಟ ಮೊದಲು ನಮ್ಮವನೂ ಹೌದು ಎಂಬ ಹಕ್ಕುಸಾಧನೆ. ಇದಕ್ಕೆ ಊರಿನವರ ಬಳಿ ಉತ್ತರವಿಲ್ಲ. ನಗುತ್ತಾರೆ ಅಷ್ಟೇ.

1965ರ ‘ಸತ್ಯ ಹರಿಶ್ಚಂದ್ರ’ದ್ದು ಬೇಗ ಮುಗಿಯುವ ಪಂಚಾಯ್ತಿ. ತೆಲುಗಿನಲ್ಲಿ ಕೆ.ವಿ. ರೆಡ್ಡಿಯವರ ನಿರ್ದೇಶನ, ಎನ್‌ಟಿಆರ್. ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ರಾಜಕುಮಾರ್. ತೆಲುಗಿನದು ಸೋತಿತು, ಕನ್ನಡದ್ದು ಗೆದ್ದಿತು. 2008ರಲ್ಲಿ ಬಣ್ಣ ತುಂಬಿಸಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಹೋದರು. ಸ್ಮಶಾನದ ಹರಿಶ್ಚಂದ್ರನಿಗೆ ಎನ್‌ಟಿಆರ್ ಅವರ ಆ ರಾಜಠೀವಿ ಅಡ್ಡಿಯಾಯಿತು ಎಂದು ನನ್ನ ಅನಿಸಿಕೆ. ಕ್ಯಾಂಪಿನವರೂ ಇಲ್ಲಿ ಹೆಚ್ಚು ಎಳೆಯುವುದಿಲ್ಲ.

ಕೃಷ್ಣದೇವರಾಯನದು ಮಾತ್ರ ನೆಲದ ಪ್ರಶ್ನೆ. 1520ರಲ್ಲಿ ಆ ಅರಸ ಬಿಜಾಪುರದ ಆದಿಲ್‌ಶಾಹಿ ಸೈನ್ಯವನ್ನು ಸೋಲಿಸಿದ್ದು ಇದೇ ಕೃಷ್ಣಾ-ತುಂಗಭದ್ರೆಯರ ನಡುವಿನ ದೋಆಬಿಗಾಗಿ. ಎನ್‌ಟಿಆರ್ ಆ ಪಾತ್ರ ಮಾಡಿದ್ದು ‘ತೆನಾಲಿ ರಾಮಕೃಷ್ಣ’ (1956) ಮತ್ತು ‘ಮಹಾಮಂತ್ರಿ ತಿಮ್ಮರುಸು’ (1962) ಚಿತ್ರಗಳಲ್ಲಿ. ರಾಜಕುಮಾರ್ ಮಾಡಿದ್ದು 1970ರಲ್ಲಿ, ಬಿ.ಆರ್. ಪಂತುಲು ನಿರ್ದೇಶಿಸಿ ತಾವೇ ತಿಮ್ಮರಸುವಾಗಿ ನಿಂತ ‘ಶ್ರೀಕೃಷ್ಣದೇವರಾಯ’ದಲ್ಲಿ. ರಾಯ ಕನ್ನಡಿಗನೋ ತೆಲುಗನೋ ಎಂಬ ಕಡೆ ಮಾತು ಹೊರಳಿದರೆ ನಟನೆಯ ವಿಚಾರ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು. ಜಾಣರು ಆ ಹೊತ್ತಿಗೆ ಎದ್ದು ಹೊಲಕ್ಕೆ ಹೋಗುತ್ತಾರೆ.

ಆದರೆ ಪಾತ್ರವೈವಿಧ್ಯವನ್ನು ವೇಷಗಳ ಪಟ್ಟಿಯಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಅಭಿಮಾನಿಗಳು ಸಾಮಾನ್ಯವಾಗಿ ಮಾಡುವುದು ಅದನ್ನೇ: ದೇವರು, ದಾಸ, ಅರಸ, ರೈತ, ಸಿಐಡಿ. ಪಟ್ಟಿ ನಿಜಕ್ಕೂ ಬೆರಗಿನದು. 1974 ಒಂದೇ ವರ್ಷ ತೆಗೆದುಕೊಳ್ಳಿ. ‘ಎರಡು ಕನಸು’, ‘ಸಂಪತ್ತಿಗೆ ಸವಾಲ್’, ‘ಬಂಗಾರದ ಪಂಜರ’, ‘ಶ್ರೀ ಶ್ರೀನಿವಾಸ ಕಲ್ಯಾಣ’, ‘ಭಕ್ತ ಕುಂಬಾರ’. ಪಾಠ ಹೇಳುವ ಮೇಷ್ಟ್ರು, ಎಮ್ಮೆ ಮೇಲೆ ಕೂತ ಹಳ್ಳಿ ಹೈದ, ಕುರಿಗಳ ನಡುವೆ ಬೆಳೆದವ, ತಿರುಪತಿ ತಿಮ್ಮಪ್ಪ, ಮಣ್ಣು ತುಳಿಯುವ ಗೋರಾ. ಆದರೂ ಟೋಪಿ ಬದಲಿಸಿದ ಮಾತ್ರಕ್ಕೆ ತಲೆ ಬದಲಾಗುವುದಿಲ್ಲ. ಜೇಡರ ಬಲೆ ಸರಣಿಯ ಸಿಐಡಿ 999 ನನಗೆ ಖುಷಿ ಕೊಡುತ್ತಾನೆ, ನಟನೆಯ ಬೆರಗು ಕೊಡುವುದಿಲ್ಲ. ಬೆರಗು ಕೊಡುವವನು ‘ಭಕ್ತ ಕುಂಬಾರ’ದ ಗೋರಾ.

ಆ ದೃಶ್ಯ ನೆನಪು ಮಾಡಿಕೊಳ್ಳಿ. ಕುಂಬಾರ ವಿಠಲನ ಧ್ಯಾನದಲ್ಲಿ ಕಣ್ಣು ಮುಚ್ಚಿ ಮಣ್ಣು ತುಳಿಯುತ್ತಿದ್ದಾನೆ. ಕೂಸು ತೆವಳಿಕೊಂಡು ಬಂದು ಆ ಮಣ್ಣಿಗೆ ಬೀಳುತ್ತದೆ. ಕಾಲು ನಿಲ್ಲುವುದಿಲ್ಲ. ನೋಡುತ್ತ ಕೂತವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ನಟನೊಬ್ಬನಿಗೆ ಇದಕ್ಕಿಂತ ಇಕ್ಕಟ್ಟಿನ ಜಾಗ ಇನ್ನೊಂದಿಲ್ಲ. ಮುಖದಲ್ಲಿ ಆನಂದ ಇರಲೇಬೇಕು, ಆ ಆನಂದವೇ ನಮಗೆ ಭಯ ಹುಟ್ಟಿಸಬೇಕು. ಒಂದು ಎಳೆ ಹೆಚ್ಚಾದರೂ ಭಕ್ತಿ ಹುಚ್ಚಾಗಿ ಕಾಣುತ್ತದೆ. ಮಣ್ಣು ತುಳಿಯುವ ಕೆಲಸ ಬಲ್ಲ ಊರುಗಳಲ್ಲಿ ಜನ ಮೊದಲು ನೋಡುವುದು ಕಾಲನ್ನು. ಅದು ನಾಟಕದ ಕಾಲಲ್ಲ, ಮಣ್ಣಿನ ಹದ ಬಲ್ಲ ಕಾಲು.

‘ಸಂಪತ್ತಿಗೆ ಸವಾಲ್’ ಬಗ್ಗೆ ಈ ಸೀಮೆಯವರಿಗೆ ಇನ್ನೊಂದು ಅಧಿಕಾರವಿದೆ. ಮೂಲದಲ್ಲಿ ಅದು ಹುನಗುಂದ ಸೀಮೆಯ ನಾಟಕಕಾರ ಧುತ್ತರಗಿಯವರ ಕಂಪನಿ ನಾಟಕ. ಲಿಂಗಸುಗೂರು ದಾಟಿದರೆ ಹುನಗುಂದ, ಅಂದರೆ ಪಕ್ಕದ ಮನೆಯ ಕತೆ. ಜಾತ್ರೆಯ ತಗಡಿನ ಥಿಯೇಟರಿನಲ್ಲಿ ನಾಟಕ ನೋಡಿದವರು ಆಮೇಲೆ ಸಿನಿಮಾಕ್ಕೆ ಹೋದಾಗ ಕೈಯಲ್ಲಿ ತಕ್ಕಡಿ ಹಿಡಿದೇ ಹೋಗಿರುತ್ತಾರೆ. ಹಾಗಾಗಿ ಅವರದ್ದೊಂದು ತಕರಾರೂ ಇದೆ, ಅದು ನ್ಯಾಯವಾದದ್ದೇ. ಅಣ್ಣಾವ್ರ ಬಹುತೇಕ ಪಾತ್ರಗಳು ಆಡಿದ್ದು ಹಳೇ ಮೈಸೂರಿನ ಕನ್ನಡ. “ಎಲ್ಲಾ ಪಾತ್ರ ಮಾಡಿದ್ರು ಖರೆ, ನಮ್ಮ ಮಾತು ಆಡ್ಲಿಲ್ಲ ನೋಡ್ರಿ” ಎನ್ನುವ ರಾಯಚೂರು ಕಡೆಯ ಅಭಿಮಾನಿಗೆ ಸಮಾಧಾನ ಹೇಳುವುದು ಕಷ್ಟ.

‘ಸಂಪತ್ತಿಗೆ ಸವಾಲ್’ನಲ್ಲೇ ಎಮ್ಮೆಯ ಮೇಲೆ ಕೂತು ರಾಜಕುಮಾರ್ ಸ್ವಂತ ಕಂಠದಲ್ಲಿ ಹಾಡಿದರು. 1956ರ ‘ಓಹಿಲೇಶ್ವರ’ದಂಥ ಒಂದೆರಡು ಅಪವಾದ ಬಿಟ್ಟರೆ ಅಲ್ಲಿಯವರೆಗೆ ಅವರ ದನಿ ಎಂದರೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರದ್ದು. 1977ರ ‘ಬಭ್ರುವಾಹನ’ದಲ್ಲಿ ಎರಡೂ ದನಿ ಎದುರುಬದುರಾದವು. ಅರ್ಜುನನೂ ರಾಜಕುಮಾರ್, ಮಗನೂ ರಾಜಕುಮಾರ್. ಹಾಡಿನಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಕೆಣಕುವಾಗ ಒಬ್ಬರಿಗೆ ಪಿ.ಬಿ.ಎಸ್., ಇನ್ನೊಬ್ಬರಿಗೆ ಸ್ವತಃ ರಾಜಕುಮಾರ್. ಆದರೆ ನಿಜವಾದ ಪರೀಕ್ಷೆ ಮಾತಿನದ್ದು. ಇಬ್ಬರಿಗೂ ಕಿರೀಟ, ಇಬ್ಬರ ಕೈಯಲ್ಲೂ ಬಿಲ್ಲು, ಮುಖ ಒಂದೇ. ವೇಷ ನೆರವಿಗೆ ಬರುವುದಿಲ್ಲ. ಯಾಗದ ಕುದುರೆ ಒಪ್ಪಿಸಿ, ಅಪ್ಪ ಎಂದು ಬಾಗಿ ಬಂದ ಮಗನ ತಾಯಿಯ ಶೀಲವನ್ನೇ ಅರ್ಜುನ ಹಂಗಿಸುತ್ತಾನೆ. ಅಲ್ಲಿ ಮಗನ ದನಿ ಏರುವ ಮೊದಲು ಒಂದು ಕ್ಷಣ ತಗ್ಗುತ್ತದೆ. ಅರ್ಜುನನದು ಹುಟ್ಟಿನಿಂದಲೇ ಗೆದ್ದವನ ನಿಧಾನ, ಮಗನದು ಈಗಷ್ಟೇ ಪೆಟ್ಟು ತಿಂದವನ ವೇಗ. ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾರು ಯಾರೆಂದು ತಿಳಿಯುತ್ತದೆ. ಕಂಪನಿ ನಾಟಕದ ಕಿವಿ ಇರುವ ಈ ಕಡೆಯ ಜನ ಆ ಸಂಭಾಷಣೆಯನ್ನು ಬಾಯಿಪಾಠ ಮಾಡಿರುವುದು ಸುಮ್ಮನೆ ಅಲ್ಲ. ಪೌರಾಣಿಕದ ಈ ಗಟ್ಟಿದನಿಯನ್ನೂ ‘ಕಸ್ತೂರಿ ನಿವಾಸ’ದ ಆ ಪಿಸುದನಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅವರ ವಿಸ್ತಾರ ಗೊತ್ತಾಗುತ್ತದೆ, ವೇಷ ಎಣಿಸಿದರೆ ಅಲ್ಲ.

‘ಬಂಗಾರದ ಮನುಷ್ಯ’ವನ್ನು ಇಲ್ಲಿ ಸಿನಿಮಾ ಎಂದು ಚರ್ಚಿಸುವುದು ಕಡಿಮೆ, ಬೇಸಾಯ ಎಂದೇ ಚರ್ಚಿಸುತ್ತಾರೆ. ಬಂಡೆ ಒಡೆದು ಬಾವಿ ತೋಡಿದ ಅದರ ನಾಯಕ ರಾಜೀವನಿಗೆ ಕಾಲುವೆಯ ಕೊನೆ ಭಾಗದಲ್ಲಿ ಜಮೀನು ಕೊಟ್ಟು ನೋಡಬೇಕಿತ್ತು ಎಂಬ ಕುಹಕ ಬೇಸಿಗೆ ಬೆಳೆಗೆ ನೀರು ತಲುಪದ ವರ್ಷಗಳಲ್ಲಿ ಕೇಳಿಬಂದರೆ ಆಶ್ಚರ್ಯವಿಲ್ಲ.

ಅಭಿಮಾನಿಗಳು ಒಪ್ಪಲು ಹಿಂಜರಿಯುವ ಸಂಗತಿಯೊಂದಿದೆ. ಎಪ್ಪತ್ತರ ದಶಕ ಕಳೆಯುತ್ತಿದ್ದಂತೆ ಸಾಮಾಜಿಕ ಚಿತ್ರಗಳಲ್ಲಿ ಅವರ ಪಾತ್ರಗಳು ಒಳ್ಳೆಯತನದ ಬೇಲಿಯೊಳಗೆ ಉಳಿದವು. ಸಿಗರೇಟಿಲ್ಲ, ಕುಡಿತವಿಲ್ಲ, ಸಣ್ಣತನವಿಲ್ಲ. ಆ ಬೇಲಿ ಹಾಕಿದ್ದರಲ್ಲಿ ನಮ್ಮ ಪಾಲೂ ಇದೆ. ಅಣ್ಣಾವ್ರು ಹೆಂಡ ಹೀರಿದ್ದರೆ ಪರದೆಗೆ ಏನಾಗುತ್ತಿತ್ತೆಂದು ಟಾಕೀಸಿನವರಿಗೆ ಗೊತ್ತಿತ್ತು. ದುಷ್ಟನಾಗಲು ಅವರಿಗೆ ಪುರಾಣದ ರಜೆ ಬೇಕಾಯಿತು. 1983ರಲ್ಲಿ, ‘ಕವಿರತ್ನ ಕಾಳಿದಾಸ’ ಮತ್ತು ‘ಕಾಮನಬಿಲ್ಲು’ ಬಂದ ವರ್ಷವೇ, ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು ಆದರು. ಪ್ರಹ್ಲಾದ ಅವರದೇ ಮಗ ಪುನೀತ್. ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯ ರಂಗದ ಮೇಲೆ ರಾಕ್ಷಸ ಪಾತ್ರಗಳಿಗೆ ಹೆಸರಾದವರು. ಭಕ್ತರ ಪಾತ್ರಗಳಿಂದಲೇ ಮನೆಮಾತಾದ ನಟ ಐವತ್ತು ದಾಟಿದ ಮೇಲೆ ಭಕ್ತನನ್ನು ಆನೆಯ ಕಾಲಿಗೆ ಕೊಡುವವನಾದದ್ದು, ಅದನ್ನು ಹೊಟ್ಟೆತುಂಬ ಅನುಭವಿಸಿ ಮಾಡಿದ್ದು, ನನ್ನ ಮಟ್ಟಿಗೆ ಆ ದಶಕದ ಅವರ ಅತ್ಯಂತ ಬಿಡುಬೀಸಾದ ನಟನೆ.

ಇದನ್ನು ಹೇಳಿ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕ್ಯಾಂಪಿನ ಕಡೆಯವರು 1967ರ ತೆಲುಗು ‘ಭಕ್ತ ಪ್ರಹ್ಲಾದ’ ಎತ್ತುತ್ತಾರೆ. ಅದರ ಹಿರಣ್ಯಕಶಿಪು ಎಸ್.ವಿ. ರಂಗಾರಾವ್. ಎನ್‌ಟಿಆರ್ ಹೆಸರಿಗೆ ಜಗ್ಗದ ಊರಿನವರು ಈ ಹೆಸರಿಗೆ ಸ್ವಲ್ಪ ತಡವರಿಸುತ್ತಾರೆ. ನಾನೂ.