ಪುಕ್ಕಟೆ ಹಾಡಿನ ಅಂಗಡಿಗೆ ಬೀಗ

ನೋಡಿ ವೀಕ್ಷಕರೇ, ಶಿಕಾರಿಪುರದಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಸೊರಬದ ಬಸ್ ಹತ್ತಿದವರು ನಿಮ್ಮಲ್ಲೇ ಇರ್ತೀರಿ. ಮೊಬೈಲ್ ಅಂಗಡಿಯವನಿಗೆ ದುಡ್ಡು ಸಿಕ್ತು. ಹಾಡು ಕಟ್ಟಿದವನಿಗೆ? ಸೊನ್ನೆ.

ಆದ್ರೆ ತಾವು ಕಟ್ಟಿದ್ದನ್ನ ತಾವೇ ಖುಷಿಯಿಂದ ಹಂಚಿದವರೂ ಇದ್ದಾರೆ. ಅದಕ್ಕೆ ನೆಟ್‌ಲೇಬಲ್ ಅಂತಾರೆ. ಕ್ಯಾಸೆಟ್ ಕಂಪನಿ ಥರಾನೇ ಹಾಡು ಆರಿಸ್ತಾರೆ, ಬಿಡುಗಡೆ ಮಾಡ್ತಾರೆ. ಕ್ಯಾಸೆಟ್ಟೂ ಇಲ್ಲ, ಬೆಲೆಯೂ ಇಲ್ಲ. ಸೈಮನ್ ಕಾರ್ಲೆಸ್ 1996ರಲ್ಲಿ ಶುರುಮಾಡಿದ ಮೊನೊಟೋನಿಕ್ ಇಂಥದ್ದು. ಎಲೆಕ್ಟ್ರಾನಿಕ್ ಸಂಗೀತದ್ದು. 2009ರಲ್ಲಿ ನಿಂತಿತು. ಇವೆಲ್ಲ ಒಬ್ಬಿಬ್ಬರ ಬಿಡುವಿನ ಮೇಲೆ ನಡೆಯೋವು; ನೌಕರಿ, ಸಂಸಾರ ಹೆಚ್ಚಿದರೆ ಬಿಡುವು ಎಲ್ಲಿಂದ ಬರಬೇಕು?

ಮುಚ್ಚೋದು ತಪ್ಪಲ್ಲ, ಹೇಗೆ ಮುಚ್ಚಿದ್ರು ಅನ್ನೋದೇ ಪ್ರಶ್ನೆ. ಮೊನೊಟೋನಿಕ್ ಹಾಡುಗಳು ಇಂಟರ್ನೆಟ್ ಆರ್ಕೈವ್ ಸೇರಿ ಉಳಿದುಕೊಂಡವು. ಅಷ್ಟು ದೊಡ್ಡ ಮೈಸ್ಪೇಸ್ ಕಥೆ ಕೇಳಿ: ಸರ್ವರ್ ಬದಲಿಸುವಾಗ ಹನ್ನೆರಡು ವರ್ಷದ ಹಾಡುಗಳು ಹೋದವು ಅಂತ ಜಗತ್ತಿಗೆ ಗೊತ್ತಾಗಿದ್ದು 2019ರಲ್ಲಿ! ನಮ್ಮ ತಾಳಗುಂದದ ಕಂಬದ ಶಾಸನ ಸಾವಿರದೈನೂರು ವರ್ಷದಿಂದ ನಿಂತಿದೆ, ಯಾರೂ ಬಾಡಿಗೆ ಕಟ್ಟಿಲ್ಲ. ಸರ್ವರ್‌ಗೆ ಕಟ್ಟಲೇಬೇಕು.

ನಿಮ್ಮ ಮಗ ಸೊರಬದ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಬೀಟ್ ಕಟ್ತಿದ್ದಾನಾ? ಎಲ್ಲಿಗೆ ಬೇಕಾದರೂ ಅಪ್‌ಲೋಡ್ ಮಾಡಲಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇಟ್ಕೊಳ್ಳೋಕೆ ಹೇಳಿ.